ನಾಲ್ಕು ವರ್ಷ ಬಿಟ್ಟು ಯಾವ ಕೆಲಸಕ್ಕೆ ಬೇಡಿಕೆ? ಪೋರ್ಟಲ್ ನೋಡಿ ಮಗಳ ಕೋರ್ಸ್ ಆರಿಸಬಹುದಾ?

ಪ್ರಶ್ನೆ: ನಾವು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಹತ್ತಿರದವರು. ಎರಡು ಎಕರೆ ಅಡಿಕೆ ತೋಟ ಇದೆ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು, ಶೇ 74 ಬಂದಿದೆ. ಪಿಯುಸಿ ಬೇಡ, ಕೈಗೆ ಕೆಲಸ ಸಿಗುವಂಥದ್ದು ಓದ್ತೀನಿ ಅಂತಾಳೆ. ಶಾಲೆಯ ಮೇಷ್ಟ್ರು ಡಿಪ್ಲೊಮಾ ಕಂಪ್ಯೂಟರ್ ಸೈನ್ಸ್ ಮಾಡಿಸಿ ಅಂದರು. ನಮ್ಮ ಯಜಮಾನರು ಐಟಿಐ ಎಲೆಕ್ಟ್ರಿಷಿಯನ್ ಅಂತಾರೆ. ನನ್ನ ತಮ್ಮ ಡ್ರೋನ್ ಕಲಿಸು ಅಂತ ಹಟ ಹಿಡಿದಿದ್ದಾನೆ. ಮುಂದೆ ಯಾವ ಕೆಲಸಕ್ಕೆ ಬೇಡಿಕೆ ಬರುತ್ತದೆ ಅಂತ ಸರ್ಕಾರ ಜಿಲ್ಲಾವಾರು ಲೆಕ್ಕ ಇಟ್ಟಿದೆಯಂತೆ, ಪೋರ್ಟಲ್ ಇದೆಯಂತೆ. ಅದನ್ನು ನೋಡಿ ತೀರ್ಮಾನ ಮಾಡಬಹುದಾ? ಎಲ್ಲಿ ನೋಡಬೇಕು?

ಉತ್ತರ: ಪೋರ್ಟಲ್‌ಗಳು ಇವೆ, ಲೆಕ್ಕಗಳೂ ಇವೆ. ಆದರೆ "ನಾಲ್ಕು ವರ್ಷ ಬಿಟ್ಟು ಹೊಸನಗರ ತಾಲ್ಲೂಕಿನಲ್ಲಿ ಇಂಥ ಕೆಲಸಕ್ಕೆ ಇಷ್ಟು ಜನ ಬೇಕು" ಅಂತ ಹೇಳುವ ಲೆಕ್ಕ ಯಾರ ಹತ್ತಿರವೂ ಇಲ್ಲ. ಇದೆ ಅಂತ ಯಾರಾದರೂ ಬಂದು ಹೇಳಿದರೆ, ಅವರ ಚೀಲದಲ್ಲಿ ಯಾವುದಾದರೂ ಕೋರ್ಸಿನ ಅರ್ಜಿ ಇದೆಯಾ ನೋಡಿ. ಹಾಗಂತ ಈ ಲೆಕ್ಕಗಳು ಕೆಲಸಕ್ಕೆ ಬಾರದವಲ್ಲ. ಯಾವುದು ಏನು ಹೇಳುತ್ತದೆ ಅಂತ ಗೊತ್ತಿದ್ದರೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಮೂರು ದಿಕ್ಕಿನ ಜಗಳ ಅರ್ಧ ಬಗೆಹರಿಯುತ್ತದೆ.

ದೇಶದಲ್ಲಿ ಕೆಲಸದ ಲೆಕ್ಕ ಸಿಗುವ ಮುಖ್ಯ ಜಾಗಗಳು ನಾಲ್ಕೈದು. ಮೊದಲನೆಯದು ಕೇಂದ್ರ ಅಂಕಿಅಂಶ ಇಲಾಖೆಯ ಕಾರ್ಮಿಕ ಬಲ ಸಮೀಕ್ಷೆ. ಇಂಗ್ಲಿಷ್ ಅಕ್ಷರಗಳಲ್ಲಿ ಪಿಎಲ್‌ಎಫ್‌ಎಸ್ ಅಂತಾರೆ. 2017ರ ಏಪ್ರಿಲ್‌ನಲ್ಲಿ ಶುರುವಾಯಿತು. 2025ರ ಜನವರಿಯಿಂದ ಅದರ ವಿನ್ಯಾಸ ಬದಲಾಗಿ ಈಗ ಪ್ರತಿ ತಿಂಗಳೂ ಅಂಕಿ ಬರುತ್ತದೆ. ಮನೆಗಳನ್ನು ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕವಾಗಿ ಹಿಡಿಯುತ್ತಾರೆ. ಇದು ದೊಡ್ಡ ಸುಧಾರಣೆಯೇ. ಆದರೆ ಲೆಕ್ಕ ಹಾಕಿ ನೋಡಿ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 2.7 ಲಕ್ಷ ಮನೆ ಕೇಳುತ್ತಾರೆ. ಏಳುನೂರಕ್ಕೂ ಜಾಸ್ತಿ ಜಿಲ್ಲೆಗಳಿಗೆ ಹಂಚಿದರೆ ಸರಾಸರಿ ಒಂದು ಜಿಲ್ಲೆಗೆ ನಾನೂರು ಮನೆಯೂ ಬರುವುದಿಲ್ಲ. 2011ರ ಜನಗಣತಿಯಲ್ಲೇ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17.5 ಲಕ್ಷ ದಾಟಿತ್ತು. ಅಷ್ಟು ಜನರಲ್ಲಿ ನಾನೂರು ಮನೆಯ ಬಾಗಿಲು ತಟ್ಟಿದರೆ, ಎಷ್ಟು ಮಂದಿ ದುಡಿಯುತ್ತಿದ್ದಾರೆ ಅಂತ ಸುಮಾರಾಗಿ ಹೇಳಬಹುದು. ಎಲೆಕ್ಟ್ರಿಷಿಯನ್ ಕೆಲಸದ ಹೆಣ್ಣುಮಕ್ಕಳು ಎಷ್ಟು ಅಂತ ಹೇಳುವುದಕ್ಕೆ ಆಗುವುದಿಲ್ಲ. ಅಂಥವರು ಆ ಮನೆಗಳಲ್ಲಿ ಒಬ್ಬರೂ ಸಿಗದೇ ಇರಬಹುದು.

ನಿರುದ್ಯೋಗದ ಅಂಕಿಯ ಬಗ್ಗೆಯೂ ಒಂದು ಮಾತು. ಈ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ನಿರುದ್ಯೋಗ ಶೇ 3.2. ಇದನ್ನು ಓದಿ ನಗುವವರೇ ಹೆಚ್ಚು. ಅದರ ಹಿಂದಿನ ಲೆಕ್ಕ ಹೀಗಿದೆ: ತೋಟದಲ್ಲಿ ಅಪ್ಪನಿಗೆ ಕೈಜೋಡಿಸುವ ಪದವೀಧರ ಮಗನೂ ದುಡಿಯುವವನೇ. ವಾರದ ಲೆಕ್ಕದಲ್ಲಂತೂ ಏಳು ದಿನದಲ್ಲಿ ಒಂದು ಗಂಟೆ ಕೆಲಸ ಮಾಡಿದರೂ ಉದ್ಯೋಗಿ. ಮಲೆನಾಡಿನಲ್ಲಿ ತೋಟ ಗದ್ದೆ ಇರುವ ಮನೆಯಲ್ಲಿ ಒಂದು ಗಂಟೆಯೂ ಕೆಲಸ ಮಾಡದವರು ಯಾರಿರುತ್ತಾರೆ ಹೇಳಿ? ಅದಕ್ಕೇ ಇಲ್ಲಿನ ಸಮಸ್ಯೆ ನಿರುದ್ಯೋಗದ ಅಂಕಿಯಲ್ಲಿ ಕಾಣುವುದಿಲ್ಲ. ಓದಿದ್ದಕ್ಕೂ ಮಾಡುತ್ತಿರುವ ಕೆಲಸಕ್ಕೂ ಸಂಬಂಧ ಇಲ್ಲದಿರುವುದೇ ಇಲ್ಲಿನ ಸಮಸ್ಯೆ.

ಅದನ್ನು ಸ್ವಲ್ಪ ಮಟ್ಟಿಗೆ ತೋರಿಸಬಲ್ಲ ಒಂದು ಲೆಕ್ಕ ನಮ್ಮ ರಾಜ್ಯದ ಹತ್ತಿರವೇ ಇದೆ. ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದು ಶಿವಮೊಗ್ಗದಲ್ಲೇ, 2024ರ ಜನವರಿ 12ರಂದು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಎರಡು ವರ್ಷದವರೆಗೆ. ಯಾವ ತಾಲ್ಲೂಕಿನ, ಯಾವ ಕಾಲೇಜಿನ, ಯಾವ ಕೋರ್ಸಿನ ಮಕ್ಕಳು ಆರು ತಿಂಗಳಾದರೂ ಕೈಕಟ್ಟಿ ಕೂತಿದ್ದಾರೆ ಅನ್ನುವುದು ಆ ಅರ್ಜಿಗಳಿಂದಲೇ ಗೊತ್ತಾಗುತ್ತದೆ. ಅದನ್ನು ಹೆಸರು ತೆಗೆದು, ಕೋರ್ಸ್‌ವಾರು ಪಟ್ಟಿ ಮಾಡಿ ಪ್ರತಿ ವರ್ಷ ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿದರೆ ಎಷ್ಟೋ ಅಪ್ಪ ಅಮ್ಮಂದಿರಿಗೆ ಉಪಕಾರವಾಗುತ್ತದೆ. ದುಡ್ಡು ಹಂಚುವ ಯೋಜನೆಯಿಂದ ಇಂಥ ಮಾಹಿತಿಯೂ ಹುಟ್ಟುತ್ತದೆ ಅಂತ ಯಾರೂ ಯೋಚಿಸುವುದಿಲ್ಲ.

ಎರಡನೆಯದು ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್. ಹಳೆಯ ಉದ್ಯೋಗ ವಿನಿಮಯ ಕಚೇರಿಯ ಹೊಸ ರೂಪ ಅನ್ನಿ. 2015ರ ಜುಲೈನಲ್ಲಿ ಬಂತು. ಹಳೆಯ ಕಚೇರಿಯಲ್ಲಿ ಹೆಸರು ಬರೆಸಿದವರು ಕೆಲಸ ಸಿಕ್ಕ ಮೇಲೂ ಹೆಸರು ತೆಗೆಸುತ್ತಿರಲಿಲ್ಲ. ನವೀಕರಣ ಮಾಡಿಸುತ್ತಾ ಇದ್ದುಬಿಡುತ್ತಿದ್ದರು, ಸರ್ಕಾರಿ ಕೆಲಸದ ಕರೆ ಬಂದರೆ ಬರಲಿ ಅಂತ. ಇತ್ತ 1959ರ ಕಾಯ್ದೆ ಪ್ರಕಾರ 25 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆ ತಿಳಿಸಲೇಬೇಕಿತ್ತು. ಹೆಚ್ಚಿನವರು ತಿಳಿಸುತ್ತಿರಲಿಲ್ಲ. ಹಾಗಾಗಿ ಕೆಲಸ ಹುಡುಕುವವರ ಪಟ್ಟಿ ಉಬ್ಬಿಕೊಂಡಿತ್ತು, ಕೆಲಸದ ಪಟ್ಟಿ ಬಡಕಲಾಗಿತ್ತು. ಆನ್‌ಲೈನ್ ಆದ ಮೇಲೆ ಕೆಲಸದ ಪಟ್ಟಿ ಉದ್ದವಾಯಿತು, ನಿಜ. ಆದರೆ ಅದನ್ನು ಓದುವುದಕ್ಕೂ ಕಲಿಯಬೇಕು.

ಶಿವಮೊಗ್ಗ ಅಂತ ಹಾಕಿ ಹುಡುಕಿದರೆ ಇಂಥದೊಂದು ಜಾಹೀರಾತು ಖಂಡಿತ ಕಣ್ಣಿಗೆ ಬೀಳುತ್ತದೆ: "ಫೀಲ್ಡ್ ಎಕ್ಸಿಕ್ಯುಟಿವ್, 50 ಹುದ್ದೆ, ಪಿಯುಸಿ ಅಥವಾ ಪದವಿ, ಸ್ವಂತ ಬೈಕ್ ಇರಬೇಕು, ಸಂಬಳ ಜೊತೆಗೆ ಇನ್ಸೆಂಟಿವ್." ಐವತ್ತು ಹುದ್ದೆ ಅಂದರೆ ಭಾರಿ ಬೇಡಿಕೆ ಅಂತ ಅನ್ನಿಸುತ್ತದೆ. ಅದೇ ಜಾಹೀರಾತು ಎರಡು ತಿಂಗಳು ಬಿಟ್ಟು ನೋಡಿ. ಮತ್ತೆ ಐವತ್ತು. ಕಂಪನಿ ಬೆಳೆಯುತ್ತಿದೆ ಅಂತಲ್ಲ, ಸೇರಿದವರು ನಿಲ್ಲುತ್ತಿಲ್ಲ ಅಂತ. ಮನೆ ಮನೆಗೆ ಹೋಗಿ ಸಾಲದ ಕಂತು ವಸೂಲಿ ಮಾಡುವ ಕೆಲಸ. ಬೈಕ್ ನಮ್ಮದು, ಬೈಗುಳವೂ ನಮಗೇ. ಒಂದೇ ಹುದ್ದೆಯನ್ನು ಕಂಪನಿ ಒಂದು ಕಡೆ, ಏಜೆನ್ಸಿ ಇನ್ನೆರಡು ಕಡೆ ಹಾಕಿರುವುದೂ ಉಂಟು. ಎಣಿಸುವ ಕಂಪ್ಯೂಟರಿಗೆ ಅದು ಮೂರು ಹುದ್ದೆ. ಯುರೋಪಿನಲ್ಲಿ ಆನ್‌ಲೈನ್ ಜಾಹೀರಾತುಗಳನ್ನು ಲಕ್ಷಗಟ್ಟಲೆ ಕಲೆಹಾಕಿ ಯಾವ ಕೌಶಲ ಕೇಳುತ್ತಿದ್ದಾರೆ ಅಂತ ತೋರಿಸುವ ವ್ಯವಸ್ಥೆಯನ್ನು ಸೆಡೆಫಾಪ್ ಅನ್ನುವ ಸಂಸ್ಥೆ ನಡೆಸುತ್ತದೆ. ಅಲ್ಲೂ ದೊಡ್ಡ ತಲೆನೋವು ಇದೇ, ನಕಲು ಜಾಹೀರಾತು ಕಳೆಯುವುದು. ಹಾಗಾಗಿ ಹುದ್ದೆಯ ಸಂಖ್ಯೆ ನೋಡಬೇಡಿ. ಸಂಬಳ ಎಷ್ಟು ಬರೆದಿದ್ದಾರೆ, ಯಾವ ಕೌಶಲ ಕೇಳಿದ್ದಾರೆ, ಅನುಭವ ಇಲ್ಲದವರನ್ನು ತೆಗೆದುಕೊಳ್ಳುತ್ತಾರಾ, ಈ ಮೂರನ್ನು ನೋಡಿ. ಹೋದ ವರ್ಷ ಎರಡು ವರ್ಷದ ಅನುಭವ ಬೇಕು ಅಂತಿದ್ದವರು ಈ ವರ್ಷ "ಹೊಸಬರೂ ಆಗಬಹುದು" ಅಂತ ಬರೆದರೆ, ಅದು ನಿಜವಾದ ಬೇಡಿಕೆ.

ಇನ್ನು ಪಿಎಫ್ ಲೆಕ್ಕ, ಇ-ಶ್ರಮ್ ಲೆಕ್ಕ. ಪಿಎಫ್ ಕಚೇರಿ 2018ರಿಂದ ತಿಂಗಳ ತಿಂಗಳ ಅಂಕಿ ಕೊಡುತ್ತಿದೆ, ಆದರೆ ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಸಂಸ್ಥೆಗಳದ್ದು ಮಾತ್ರ. ಮಾಚೇನಹಳ್ಳಿಯ ಗಾರ್ಮೆಂಟ್ಸು, ಫೌಂಡ್ರಿಗಳು ಅದರಲ್ಲಿ ಸಿಗುತ್ತವೆ. ರಿಪ್ಪನ್‌ಪೇಟೆಯ ಮೋಟಾರ್ ರಿವೈಂಡಿಂಗ್ ಅಂಗಡಿ ಸಿಗುವುದಿಲ್ಲ. ಇ-ಶ್ರಮ್ 2021ರಲ್ಲಿ ಶುರುವಾಗಿ 30 ಕೋಟಿಗೂ ಮೀರಿ ಅಸಂಘಟಿತ ಕಾರ್ಮಿಕರ ಹೆಸರು ಸೇರಿಸಿದೆ. ಅದು ಇರುವ ಕಾರ್ಮಿಕರ ಪಟ್ಟಿ. ಯಾರು ಬೇಕಾಗಿದ್ದಾರೆ ಅನ್ನುವುದು ಅದರಲ್ಲಿಲ್ಲ.

ಇಲ್ಲಿಗೆ ಬಂದಾಗ ಮಲೆನಾಡಿನ ನಿಜವಾದ ತೊಡಕು ಗೊತ್ತಾಗುತ್ತದೆ. ನಮ್ಮ ಕಡೆ ಯಾವ ಕೌಶಲಕ್ಕೆ ಎಲ್ಲಕ್ಕಿಂತ ಜಾಸ್ತಿ ಬರ ಇದೆ? ನಿಮಗೇ ಗೊತ್ತು. ಕೊನೆಗೌಡನಿಗೆ. ಕೊಯ್ಲಿನ ಹೊತ್ತಿಗೆ ಕೊನೆ ತೆಗೆಯುವವರು ಸಿಗದೆ ತೋಟದವರು ಫೋನ್ ಮೇಲೆ ಫೋನ್ ಮಾಡುತ್ತಾರೆ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವವರು ಸಿಗುವುದಿಲ್ಲ. ಬೋರ್ಡೋ ದ್ರಾವಣ ಕಲಸಿಟ್ಟುಕೊಂಡು ಬಿಸಿಲಿನ ಎಡೆಗೆ ಕಾದು, ಕೊನೆಗೆ ಜನ ಬಾರದೆ ಚೆಲ್ಲಿದವರಿದ್ದಾರೆ. ಈ ಕಷ್ಟಕ್ಕೇ ಎಷ್ಟೋ ಜನ ಫಸಲನ್ನು ಮರದ ಮೇಲಿದ್ದಾಗಲೇ ಖೇಣಿ, ಅಂದರೆ ಗುತ್ತಿಗೆ, ಕೊಟ್ಟುಬಿಡುತ್ತಾರೆ. ಈಗ ಹೇಳಿ, ಕೊನೆಗೌಡ ಬೇಕು ಅಂತ ಯಾರು ಪೋರ್ಟಲ್‌ನಲ್ಲಿ ಹಾಕುತ್ತಾರೆ? ಯಾರೂ ಇಲ್ಲ. ಖಾಲಿ ಹುದ್ದೆಗಳ ಲೆಕ್ಕದಲ್ಲಿ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಬೇಡಿಕೆಯೇ ಇಲ್ಲ. ಪ್ಲಂಬರ್, ಬಡಗಿ, ಪಂಪ್‌ಸೆಟ್ ರಿಪೇರಿಯವರು, ಊರಿನ ನೀರುಗಂಟಿ, ಹೋಂಸ್ಟೇ ಅಡುಗೆಯವರು, ಎಲ್ಲರದ್ದೂ ಇದೇ ಕಥೆ. ದೊಡ್ಡ ಸಂಸ್ಥೆ, ಬರಹದಲ್ಲಿ ಕೇಳುವ ಕೆಲಸ, ಪಟ್ಟಣ, ಇಷ್ಟೇ ಈ ವ್ಯವಸ್ಥೆಗಳ ಕಣ್ಣಿಗೆ ಬೀಳುವುದು.

ಹಾಗಾದರೆ "ಜಿಲ್ಲೆಯಲ್ಲಿ ಬೇಡಿಕೆ ಇರುವ ಕೋರ್ಸ್" ಅಂತ ಪಟ್ಟಿ ಬರುತ್ತದಲ್ಲ, ಅದು ಎಲ್ಲಿಂದ? ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಕೌಶಲ ಸಮಿತಿ ಇರುತ್ತದೆ. ಅದು ಪ್ರತಿ ವರ್ಷ ಜಿಲ್ಲಾ ಕೌಶಲ ಯೋಜನೆ ಮಾಡಬೇಕು. ಕೆಲವು ಕಡೆ ಚೆನ್ನಾಗಿ ಮಾಡುತ್ತಾರೆ. ಎಷ್ಟೋ ಕಡೆ ಬೇಡಿಕೆಯ ಪಟ್ಟಿ ಅಂತ ಹೆಸರಿಟ್ಟು, ಯಾವ ತರಬೇತಿ ಕೇಂದ್ರ ಏನು ಕಲಿಸಬಲ್ಲದೋ ಅದನ್ನೇ ಬರೆದಿರುತ್ತಾರೆ. ಹೊಲಿಗೆ, ಬ್ಯೂಟಿಷಿಯನ್, ಕಂಪ್ಯೂಟರ್ ಬೇಸಿಕ್. ಹೆಣ್ಣುಮಕ್ಕಳು ಅಂದ ತಕ್ಷಣ ಈ ಮೂರೇ ಬರುವುದು ಗಮನಿಸಿದ್ದೀರಾ? ಹತ್ತು ಹೊಲಿಗೆ ಯಂತ್ರ, ಒಂದು ಕೋಣೆ ಇದ್ದರೆ ತರಬೇತಿ ಕೇಂದ್ರ ಆಯಿತು. ಫ್ರಿಜ್ಜು, ಎಸಿ ರಿಪೇರಿ ಕಲಿಸುವುದಕ್ಕೆ ಲ್ಯಾಬ್ ಬೇಕು, ಗುರು ಬೇಕು, ಖರ್ಚು ಬೇಕು. ಕಲಿಸಲು ಅಗ್ಗವಾದದ್ದು ಬೇಡಿಕೆಯ ಪಟ್ಟಿ ಸೇರಿಬಿಡುತ್ತದೆ.

ಮುಂದಿನ ಬೇಡಿಕೆಯನ್ನು ಅಂದಾಜು ಮಾಡುವ ಪ್ರಯತ್ನ ಹೊಸದಲ್ಲ. 1962ರಲ್ಲೇ ದಿಲ್ಲಿಯಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ಆಗಿನ ನಂಬಿಕೆ ಸರಳ. ಇಷ್ಟು ಉಕ್ಕು ಬೇಕು, ಅದಕ್ಕೆ ಇಷ್ಟು ಎಂಜಿನಿಯರು, ಇಷ್ಟು ಫಿಟ್ಟರು, ಹಾಗಾಗಿ ಇಷ್ಟು ಸೀಟು. ಭದ್ರಾವತಿಯನ್ನು ನೋಡಿದರೆ ಸಾಕು, ಈ ಲೆಕ್ಕ ಎಲ್ಲಿ ಮುರಿಯುತ್ತದೆ ಅಂತ ಗೊತ್ತಾಗುತ್ತದೆ. ಉಕ್ಕಿನ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಇದ್ದ ಊರು. ಒಂದು ಕಾಲದಲ್ಲಿ ಅಲ್ಲಿ ಐಟಿಐ ಮಾಡಿದ ಹುಡುಗನಿಗೆ ಭವಿಷ್ಯದ ಚಿಂತೆ ಇರಲಿಲ್ಲ. ಕಾಗದದ ಕಾರ್ಖಾನೆ ಎಂಪಿಎಂನಲ್ಲಿ 2015-16ರ ಹೊತ್ತಿಗೆ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಚಾಲೂ ಆಯಿತು. ರಾಷ್ಟ್ರೀಯ ಕೌಶಲ ನಿಗಮ ಹತ್ತು ವರ್ಷಕ್ಕೂ ಹಿಂದೆ ಕರ್ನಾಟಕದ ಜಿಲ್ಲೆ ಜಿಲ್ಲೆಗೂ 2022ರ ತನಕದ ಕೌಶಲ ಕೊರತೆಯ ಅಂದಾಜು ಮಾಡಿಸಿತ್ತು. ನಡುವೆ ಕೊರೊನಾ ಬಂದುಹೋಯಿತು. ಇಂಥ ಅಂದಾಜುಗಳನ್ನು ಮಾಡಿದವರು ದಡ್ಡರಲ್ಲ. ಒಂದು ಕಾರ್ಖಾನೆಯ, ಒಂದು ಯೋಜನೆಯ ಹಣೆಬರಹ ಬೇರೆಲ್ಲೋ ಕೂತ ನಾಲ್ಕು ಜನರ ಸಹಿಯ ಮೇಲೆ ನಿಂತಿರುವಾಗ ಯಾವ ಲೆಕ್ಕವೂ ಅದನ್ನು ಹಿಡಿಯಲಾರದು. ರಾಜ್ಯಕ್ಕೆ, ದೇಶಕ್ಕೆ ಅಂದಾಜು ಸುಮಾರಾಗಿ ನಿಲ್ಲುತ್ತದೆ, ಯಾಕೆಂದರೆ ಒಂದು ಕಡೆ ಕುಸಿದದ್ದು ಇನ್ನೊಂದು ಕಡೆ ಏಳುತ್ತದೆ. ತಾಲ್ಲೂಕಿಗೆ ಇಳಿದಷ್ಟೂ ಅದು ನಿಲ್ಲುವುದಿಲ್ಲ.

ಇನ್ನೊಂದು ತೊಡಕನ್ನು ಅಡಿಕೆ ಬೆಳೆಗಾರರಿಗೆ ನಾನು ವಿವರಿಸಬೇಕಾಗಿಯೇ ಇಲ್ಲ. ರೇಟು ಏರಿದ ವರ್ಷ ಎಲ್ಲರೂ ಸಸಿ ನೆಡುತ್ತಾರೆ. ಗದ್ದೆಯೂ ತೋಟವಾಗುತ್ತದೆ. ಫಸಲು ಬರುವುದಕ್ಕೆ ಐದಾರು ವರ್ಷ. ಅಷ್ಟರಲ್ಲಿ ಎಲ್ಲರ ತೋಟವೂ ಒಟ್ಟಿಗೇ ಫಸಲಿಗೆ ಬರುತ್ತದೆ, ಆಗ ರೇಟು ಯಾವ ದಿಕ್ಕಿಗೆ ಹೋಗುತ್ತದೆ ಹೇಳಲಾಗದು. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1970ರ ದಶಕದಲ್ಲಿ ಎಂಜಿನಿಯರುಗಳ ವಿಷಯದಲ್ಲಿ ಇದನ್ನೇ ತೋರಿಸಿದರು. ಸಂಬಳ ಜಾಸ್ತಿ ಕಂಡ ವರ್ಷ ಹುಡುಗರು ಎಂಜಿನಿಯರಿಂಗ್‌ಗೆ ನುಗ್ಗುತ್ತಾರೆ, ನಾಲ್ಕು ವರ್ಷ ಬಿಟ್ಟು ಎಲ್ಲರೂ ಒಟ್ಟಿಗೆ ಹೊರಗೆ ಬಂದಾಗ ಸಂಬಳ ಕುಸಿಯುತ್ತದೆ, ಅದನ್ನು ಕಂಡು ಮುಂದಿನವರು ದೂರ ಸರಿಯುತ್ತಾರೆ, ಮತ್ತೆ ನಾಲ್ಕು ವರ್ಷಕ್ಕೆ ಜನ ಸಾಲದೆ ಸಂಬಳ ಏರುತ್ತದೆ. ನಮ್ಮಲ್ಲಿ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2024-25ರಿಂದ ಕಾಲೇಜುಗಳ ಸೀಟಿನ ಮೇಲ್ಮಿತಿ ತೆಗೆದ ಮೇಲೆ ಕಂಪ್ಯೂಟರ್ ಸೈನ್ಸ್ ಸೀಟು ಹೇಗೆ ಹೆಚ್ಚಿತು ಅಂತ ಸಿಇಟಿ ಕೌನ್ಸೆಲಿಂಗ್ ನೋಡಿದವರಿಗೆಲ್ಲ ಗೊತ್ತು. ನಿಮ್ಮ ಮಗಳು ಈಗ ಡಿಪ್ಲೊಮಾ ಕಂಪ್ಯೂಟರ್ ಸೈನ್ಸ್ ಸೇರಿದರೆ ಮೂರು ವರ್ಷ ಬಿಟ್ಟು ಹೊರಗೆ ಬರುತ್ತಾಳೆ. ಬಿಇ ಮಾಡಿದವರ ದೊಡ್ಡ ಹಿಂಡೂ ಅದೇ ಹೊತ್ತಿಗೆ ಬಂದಿರುತ್ತದೆ. ಅದರ ಜೊತೆಗೆ ಆರಂಭದ ಹಂತದ ಕೋಡಿಂಗ್ ಕೆಲಸವನ್ನೇ ಎಐ ಮಾಡಲು ಶುರುಮಾಡಿದೆ. ಮೇಷ್ಟ್ರ ಮಾತು ತಪ್ಪು ಅಂತಲ್ಲ. ಅವಳಿಗೆ ನಿಜವಾಗಿ ಅದರಲ್ಲೇ ಆಸೆ ಇದ್ದರೆ ಓದಲಿ. ಬೇಡಿಕೆ ಇದೆ ಅನ್ನುವ ಒಂದೇ ಕಾರಣಕ್ಕೆ ಬೇಡ.

ಹಾಗಾದರೆ ಏನನ್ನು ನಂಬಬಹುದು? ನಿಧಾನಕ್ಕೆ ಬದಲಾಗುವ ಸಂಗತಿಗಳನ್ನು. ಅವುಗಳಲ್ಲಿ ಮೊದಲನೆಯದು, ಕೆಲಸ ಬಿಡುವವರ ಲೆಕ್ಕ. ಬೇಡಿಕೆ ಅಂದ ತಕ್ಷಣ ನಾವು ಹೊಸ ಕಾರ್ಖಾನೆ, ಹೊಸ ಕಂಪನಿ ಅಂತ ಯೋಚಿಸುತ್ತೇವೆ. ಲೆಕ್ಕ ಬೇರೆಯೇ ಇದೆ. ಸುಮ್ನೆ ಒಂದು ಉದಾಹರಣೆ ತಗೊಳ್ಳಿ. ಒಂದು ತಾಲ್ಲೂಕಿನಲ್ಲಿ 300 ಜನ ಎಲೆಕ್ಟ್ರಿಷಿಯನ್ ಇದ್ದಾರೆ ಅಂದುಕೊಳ್ಳಿ. ವರ್ಷಕ್ಕೆ ಶೇ 1ರಷ್ಟು ಕೆಲಸ ಬೆಳೆದರೆ ಹೊಸದಾಗಿ ಬೇಕಾಗುವುದು 3 ಜನ. ಆದರೆ ಒಬ್ಬೊಬ್ಬರು ಸರಾಸರಿ 30 ವರ್ಷ ದುಡಿದು ನಿಲ್ಲಿಸುತ್ತಾರೆ ಅಂದರೆ ಪ್ರತಿ ವರ್ಷ ಜಾಗ ಖಾಲಿ ಮಾಡುವವರು 10 ಜನ. ಒಟ್ಟು 13ರಲ್ಲಿ ಹತ್ತು ಹುದ್ದೆ ಬೆಳವಣಿಗೆಯಿಂದ ಬಂದದ್ದೇ ಅಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ ಪ್ರತಿ ವರ್ಷ ಮುಂದಿನ ಹತ್ತು ವರ್ಷದ ಅಂದಾಜು ಹೊರಡಿಸುತ್ತದೆ. ಅಲ್ಲೂ ತೆರವಾಗುವ ಹುದ್ದೆಗಳಲ್ಲಿ ಬಹುಪಾಲು ಹೀಗೆ ಬಿಟ್ಟುಹೋದವರ ಜಾಗಗಳೇ. ಆದ್ದರಿಂದ ನಿಮ್ಮ ಕಡೆ ಒಂದು ಕಸುಬಿನವರ ಸರಾಸರಿ ವಯಸ್ಸು ಎಷ್ಟು ಅಂತ ನೋಡುವುದು ಯಾವ ಪೋರ್ಟಲ್‌ಗಿಂತಲೂ ಒಳ್ಳೆಯ ಸೂಚನೆ. ಪಂಪ್‌ಸೆಟ್ ರಿಪೇರಿಗೆ ಬರುವವರಿಗೆ ವಯಸ್ಸು ಐವತ್ತೈದಾ, ಇಪ್ಪತ್ತೈದಾ? ಅವರ ಕೈಕೆಳಗೆ ಕಲಿಯುವ ಹುಡುಗರು ಇದ್ದಾರಾ? ಇಲ್ಲ ಅಂದರೆ ಆ ಜಾಗ ಖಾಲಿಯಾಗುವುದು ನಿಶ್ಚಿತ.

ಎರಡನೆಯದು, ಈಗಾಗಲೇ ಹಣ ಬಿದ್ದಿರುವ ಯೋಜನೆಗಳು. ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಒಂದು ಕೋಟಿ ಮನೆಗಳ ಗುರಿ, ಒಂದು ಮನೆಗೆ 78,000 ರೂಪಾಯಿವರೆಗೆ ಸಹಾಯಧನ. ಫಲಕ ಕೂರಿಸುವ ಕೆಲಸ ಯೋಜನೆ ಇರುವವರೆಗೆ. ಆದರೆ ಕೂರಿಸಿದ ಮೇಲೆ ಇನ್ವರ್ಟರ್ ಕೆಡುತ್ತದೆ, ಮಲೆನಾಡಿನ ಮಳೆ ಗುಡುಗಿಗೆ ಅರ್ಥಿಂಗ್ ಸರಿ ಇರಬೇಕು, ಮಂಗ ಬಂದು ವೈರ್ ಕೀಳುತ್ತದೆ. ನೋಡಿಕೊಳ್ಳುವ ಕೆಲಸ ಇಪ್ಪತ್ತು ವರ್ಷದ್ದು. ಜಲಜೀವನ್ ಪಂಪು, ಪೈಪುಗಳದ್ದೂ ಹಾಗೆಯೇ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು, 2023ರಿಂದ ಸೋಗಾನೆಯಲ್ಲಿ ವಿಮಾನ ಇಳಿಯುತ್ತಿದೆ. ಇವುಗಳಿಂದ ಪ್ರವಾಸಿಗರು ಬರುತ್ತಾರೆ, ಹೋಂಸ್ಟೇ ಏಳುತ್ತವೆ, ಅಲ್ಲಿ ಗೀಸರ್, ಫ್ರಿಜ್ಜು, ಸಿಸಿಟಿವಿ ಎಲ್ಲ ಇರುತ್ತದೆ. ಎಷ್ಟು ಹೋಂಸ್ಟೇ ಬರುತ್ತವೆ ಅಂತ ನಾನು ಹೇಳಲಾರೆ. ಬಂದರೆ ಏನು ಕೆಡುತ್ತದೆ ಅಂತ ಹೇಳಬಲ್ಲೆ.

ಸರ್ಕಾರಿ ನೇಮಕಾತಿಯನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ. ಅದು ಬಂದಾಗ ಹೊಳೆಯ ಹಾಗೆ ಬರುತ್ತದೆ, ಇಲ್ಲದಾಗ ವರ್ಷಗಟ್ಟಲೆ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಿಗೆ 2,975 ಹುದ್ದೆ ಕರೆದರು, ಹೆಚ್ಚಿನವು ಕಿರಿಯ ಪವರ್‌ಮ್ಯಾನ್. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆಯ್ಕೆ, ಜೊತೆಗೆ ಕಂಬ ಹತ್ತಿ ತೋರಿಸಬೇಕು. ಇಂಥದ್ದು ಬಂದರೆ ಅರ್ಜಿ ಹಾಕಿ. ಅದನ್ನೇ ಕಾಯುತ್ತಾ ಕೂರಬೇಡಿ.

ಈಗ ನಿಮ್ಮ ತಮ್ಮನ ಡ್ರೋನ್. ಇಲ್ಲಿ ಒಂದು ಸರಳ ನಿಯಮ ಹಿಡಿದುಕೊಳ್ಳಿ. ಕಲಿಯಲು ಎರಡು ಮೂರು ವರ್ಷ ಬೇಕಾಗುವ ವಿದ್ಯೆಯನ್ನು ಈಗಲೇ ಆರಿಸಬೇಕು, ಅದಕ್ಕೇ ಮುಂದಿನ ಅಂದಾಜು ಬೇಕಾಗುವುದು. ವಾರದಲ್ಲಿ ಕಲಿಯಬಹುದಾದದ್ದನ್ನು ಈಗಲೇ ಆರಿಸುವ ತುರ್ತು ಏನಿದೆ? ಬೇಡಿಕೆ ಕಣ್ಣಿಗೆ ಕಂಡ ಮೇಲೆ ಕಲಿತರೂ ತಡವಾಗುವುದಿಲ್ಲ. ತೋಟಕ್ಕೆ ಔಷಧಿ ಹೊಡೆಯುವ ಗಾತ್ರದ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು. ವಿಮಾನಯಾನ ನಿರ್ದೇಶನಾಲಯ ಒಪ್ಪಿದ ಕೇಂದ್ರದಲ್ಲಿ ಕಲಿಯಬೇಕು, ಹೆಚ್ಚೂಕಡಿಮೆ ಒಂದು ವಾರದ ತರಬೇತಿ. 2021ರ ನಿಯಮದ ಪ್ರಕಾರ ಹತ್ತನೇ ತರಗತಿ ಪಾಸಾಗಿರಬೇಕು ಮತ್ತು 18 ವರ್ಷ ತುಂಬಿರಬೇಕು. ಮಗಳಿಗೆ ಈಗ ಹದಿನಾರೋ ಏನೋ. ತಮ್ಮನ ಹಟ ಎರಡು ವರ್ಷ ಮುಂದಕ್ಕೆ ಹಾಕಬಹುದು. ಅಷ್ಟರಲ್ಲಿ ಬ್ಯಾಟರಿ, ಮೋಟಾರ್, ಸರ್ಕ್ಯೂಟ್ ಗೊತ್ತಿರುವ ಹುಡುಗಿ ಆಗಿದ್ದರೆ, ಹಾರಿಸುವುದರ ಜೊತೆಗೆ ರಿಪೇರಿಯನ್ನೂ ಮಾಡುತ್ತಾಳೆ. ದುಡ್ಡು ಇರುವುದು ರಿಪೇರಿಯಲ್ಲಿ.

ಉಳಿದದ್ದು ಯಜಮಾನರ ಎಲೆಕ್ಟ್ರಿಷಿಯನ್. ನನ್ನ ಒಲವು ಆ ಕಡೆಗೇ, ಸ್ವಲ್ಪ ಬದಲಾವಣೆಯೊಂದಿಗೆ. ಶೇ 74 ತೆಗೆದ ಹುಡುಗಿ ಗಣಿತ ವಿಜ್ಞಾನದಲ್ಲಿ ತೀರಾ ಹಿಂದೆ ಇಲ್ಲದಿದ್ದರೆ ಡಿಪ್ಲೊಮಾ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಮೊದಲು ನೋಡಿ. ಸೀಟು ದೂರದಲ್ಲಿ ಸಿಕ್ಕಿ ಹಾಸ್ಟೆಲ್ ಸಿಗದಿದ್ದರೆ ಹತ್ತಿರದ ಸರ್ಕಾರಿ ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್. ಐಟಿಐ ಸೇರಿದರೆ ಓದು ಅಲ್ಲಿಗೇ ಮುಗಿಯಿತು ಅಂತಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಭವಿಷ್ಯ ಮಂಜು ಮಂಜಾಗಿರುವಾಗ ಮುಂದೆ ಬಾಗಿಲು ಜಾಸ್ತಿ ಇರುವ ದಾರಿ ಒಳ್ಳೆಯದು. ವಿದ್ಯುತ್ ಗೊತ್ತಿದ್ದವಳು ಸೋಲಾರ್‌ಗೂ ಹೋಗಬಹುದು, ಕಾರ್ಖಾನೆಯ ಮೇಂಟೆನೆನ್ಸ್‌ಗೂ, ಎಲೆಕ್ಟ್ರಿಕ್ ವಾಹನಕ್ಕೂ, ಮೆಸ್ಕಾಂಗೂ. ಒಂದು ಕೈಕೊಟ್ಟರೆ ಇನ್ನೊಂದು.

ಹುಡುಗಿ ಅಂತ ಹಿಂಜರಿಕೆ ಇದ್ದರೆ, ಅದು ಊರಿನಲ್ಲಿ ಒಬ್ಬಳೇ ಮನೆ ಮನೆಗೆ ಹೋಗುವ ಕೆಲಸಕ್ಕೆ ಇರಬಹುದಾದ ಹಿಂಜರಿಕೆ. ಕಾರ್ಖಾನೆಯ ಪ್ಯಾನೆಲ್ ಬೋರ್ಡ್ ಜೋಡಣೆ, ಟೆಸ್ಟಿಂಗ್, ಎಲೆಕ್ಟ್ರಾನಿಕ್ಸ್ ಅಸೆಂಬ್ಲಿಗೆ ಈಗ ಹೆಣ್ಣುಮಕ್ಕಳನ್ನೇ ಹುಡುಕುತ್ತಾರೆ. ಆದರೆ ಅವು ಇರುವುದು ಬೆಂಗಳೂರಿನ ಸುತ್ತಮುತ್ತ. ಇದು ಮನೆಯಲ್ಲಿ ಈಗಲೇ ಮಾತಾಡಬೇಕಾದ ವಿಷಯ: ಮಗಳು ಶಿವಮೊಗ್ಗದಲ್ಲೇ ಇರಬೇಕಾ, ಉಡುಪಿ ಮಂಗಳೂರು ಆಗಬಹುದಾ, ಬೆಂಗಳೂರಿಗೆ ಕಳಿಸುತ್ತೀರಾ? ಜಿಲ್ಲೆಯ ಬೇಡಿಕೆ ಎಷ್ಟು ಅಂತ ಕೇಳುವ ಮೊದಲು ಇದಕ್ಕೆ ಉತ್ತರ ಬೇಕು. ಮಲೆನಾಡಿನ ಮಕ್ಕಳ ಕೆಲಸದ ಮಾರುಕಟ್ಟೆ ಮಲೆನಾಡಿನ ಗಡಿಯೊಳಗೆ ಇಲ್ಲವೇ ಇಲ್ಲ.

ಸೇರಿಸುವ ಮುಂಚೆ ಎರಡು ಕೆಲಸ ಮಾಡಿ. ಒಂದು, ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್ ತೆಗೆದು ಎಲೆಕ್ಟ್ರಿಷಿಯನ್ ಅಂತ ಹಾಕಿ, ಶಿವಮೊಗ್ಗ, ಉಡುಪಿ, ಬೆಂಗಳೂರು ಗ್ರಾಮಾಂತರ ಒಂದೊಂದನ್ನೂ ನೋಡಿ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕು ಅಂತ ಕಾನೂನು ಇದೆ. ಹಾಗಾಗಿ ಅಲ್ಲಿ ಕಾಣುವ ಕಂಪನಿ, ಕೊಡುವ ಸ್ಟೈಪೆಂಡ್ ಎಲ್ಲ ಸಾಮಾನ್ಯ ಉದ್ಯೋಗ ಜಾಹೀರಾತಿಗಿಂತ ನಂಬಿಕೆಗೆ ಹತ್ತಿರ.

ಇನ್ನೊಂದು, ಐಟಿಐಗೋ ಪಾಲಿಟೆಕ್ನಿಕ್‌ಗೋ ನೀವೇ ಹೋಗಿ. ಪ್ಲೇಸ್‌ಮೆಂಟ್ ಶೇಕಡಾ ಎಷ್ಟು ಅಂತ ಕೇಳಬೇಡಿ, ಬೋರ್ಡಿನ ಮೇಲೆ ಬರೆದದ್ದನ್ನು ಓದಿ ಹೇಳುತ್ತಾರೆ. ಮೂರು ವರ್ಷದ ಹಿಂದೆ ಈ ವಿಭಾಗದಲ್ಲಿ ಪಾಸಾದ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ, ನಾಲ್ಕೈದು ಜನರ ಜೊತೆ ಮಾತಾಡಿಸಿ ಅಂತ ಕೇಳಿ. ಮೊದಲ ಕೆಲಸ ಹೇಗೆ ಸಿಕ್ಕಿತು, ಸಂಬಳ ಕೈಗೆ ಎಷ್ಟು ಬಂತು, ಪಿಜಿ ಬಾಡಿಗೆ ಕಳೆದು ಎಷ್ಟು ಉಳಿಯಿತು, ಈಗಲೂ ಅದೇ ಕೆಲಸದಲ್ಲಿದ್ದಾರಾ. ಮುಂದುವರಿದ ದೇಶಗಳಲ್ಲಿ ಪಾಸಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಇದೇ ಪ್ರಶ್ನೆ ಕೇಳಲು ಸರ್ಕಾರಗಳು ಹಣ ಸುರಿಯುತ್ತವೆ. ನಿಮಗೆ ಒಂದು ಮಧ್ಯಾಹ್ನದ ಫೋನ್ ಕರೆಗಳಲ್ಲಿ ಆಗುತ್ತದೆ. ಹೋದಾಗ ವರ್ಕ್‌ಶಾಪ್‌ನೊಳಗೂ ಒಂದು ಸುತ್ತು ಹಾಕಿ. ಮೋಟಾರ್ ಬಿಚ್ಚಿ ಹರಡಿಕೊಂಡು ಮಕ್ಕಳು ಕೈ ಕಪ್ಪು ಮಾಡಿಕೊಂಡಿದ್ದರೆ ಒಳ್ಳೆಯದು. ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ ಅಂದರೆ ಬೇರೆ ಕಡೆ ನೋಡಿ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಹೊಸ ಯಂತ್ರ ಕೊಟ್ಟಿದ್ದಾರೆ. ನಿಮ್ಮ ಹತ್ತಿರದ್ದು ಆ ಪಟ್ಟಿಯಲ್ಲಿದೆಯಾ, ಇದ್ದರೆ ಅದನ್ನು ಕಲಿಸುವ ಗುರುಗಳು ಇದ್ದಾರಾ, ಅಲ್ಲೇ ವಿಚಾರಿಸಿ.

ಡಿಪ್ಲೊಮಾಕ್ಕೂ ಐಟಿಐಗೂ ಎರಡಕ್ಕೂ ಅರ್ಜಿ ಹಾಕಿಡಿ. ಮೊದಲ ಸುತ್ತಿನಲ್ಲಿ ಎಲ್ಲಿ ಸೀಟು ಬರುತ್ತದೆ ನೋಡಿ ಆಮೇಲೆ ಟಿಸಿ, ಮೂಲ ಅಂಕಪಟ್ಟಿ ಕೊಡಿ. ಅವನ್ನು ಒಂದು ಕಡೆ ಕೊಟ್ಟ ಮೇಲೆ ವಾಪಸ್ ಪಡೆಯಲು ಓಡಾಟ ಜಾಸ್ತಿ. ಜಾತಿ, ಆದಾಯ ಪ್ರಮಾಣಪತ್ರ ಮತ್ತು ಗ್ರಾಮೀಣ ಪ್ರಮಾಣಪತ್ರಕ್ಕೆ ಈ ವಾರವೇ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಕೌನ್ಸೆಲಿಂಗ್ ಶುರುವಾದ ಮೇಲೆ ಅಲ್ಲಿ ಸಾಲು ಉದ್ದ, ಸರ್ವರ್ ನಿಧಾನ.